ಆ ಕಪ್ಪಿನಲ್ಲಿ ಏನೂ ಇಲ್ಲ ಕಣೋ

ಪ್ರೀತಿಯ ಡೈರೆಕ್ಟರ್ ಸಾಹೇಬರಿಗೆ,

"ಕೊಲೆಗಾರ ಯಾರು ಅಂತ ಕೇಳಿದರೆ ಅವನ ಕಪ್ ಖಾಲಿ ಇತ್ತು ಅಂತೀಯಲ್ಲೋ, ನಿನ್ನ ಜೊತೆ ಸಿನಿಮಾ ನೋಡೋದು ಹೇಗೆ?" ಎಂದು ನೀನು ಕೇಳಿದ್ದೆ. ನಾನು ಫೋನಿನಲ್ಲಿ ನಕ್ಕು ಸುಮ್ಮನಾದೆ. ಪರದೆಯ ಮೇಲೆ ನಟರು ಖಾಲಿ ಕಪ್ ಹಿಡಿದು ಕಾಫಿ ಕುಡಿದ ಹಾಗೆ ನಟಿಸಿದರೆ ನನಗೆ ಯಾಕೆ ಅಷ್ಟು ಸಿಟ್ಟು ಅನ್ನುವುದೇ ನಿನ್ನ ಪ್ರಶ್ನೆ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಅದು ನಾಲ್ಕು ಜನರ ಮುಂದೆ ಹೇಳುವಂಥದ್ದೂ ಹೌದು. ಅದಕ್ಕೇ ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸದೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕುತ್ತಿದ್ದೇನೆ. ನೀನು ಮೊದಲು ಓದು, ಉಳಿದವರು ನಿನ್ನ ಹೆಗಲ ಮೇಲಿಂದ ಇಣುಕಲಿ. ನೀಲಿ ಸ್ವೆಟರಿನ ವಿಷಯ ಎಲ್ಲೂ ಎತ್ತುವುದಿಲ್ಲ, ಗಾಬರಿಯಾಗಬೇಡ.

ಮೊದಲು ಕೈ ನೋಡು. ಮುಖ ಬೇಡ, ಮಾತು ಬೇಡ, ಬರೀ ಕೈ. ಯಾವುದಾದರೂ ಪೊಲೀಸ್ ಸರಣಿ ಹಾಕು. ಕಿರಿಯ ಅಧಿಕಾರಿ ಎರಡು ಕಾಗದದ ಕಪ್ ಹಿಡಿದು ಬರುತ್ತಾನೆ, ಒಂದನ್ನು ಹಿರಿಯನಿಗೆ ಕೊಡುತ್ತಾನೆ. ಅಂಥ ಕಪ್ಪಿಗೆ 350 ಮಿಲಿಲೀಟರ್ ಹಿಡಿಯುತ್ತದೆ ಅಂದುಕೊ. ಅಂದರೆ ಹೆಚ್ಚುಕಡಿಮೆ 350 ಗ್ರಾಂ ತೂಕ. ಬರೀ ಕಪ್ 10–15 ಗ್ರಾಂ ಇದ್ದೀತು. ತುಂಬಿದ ಕಪ್ ಕೈಯಿಂದ ಕೈಗೆ ಹೋಗುವಾಗ ಕೊಡುವವನು ತಟ್ಟನೆ ಬಿಡುವುದಿಲ್ಲ. ತೆಗೆದುಕೊಳ್ಳುವವನ ಬೆರಳು ಬಿಗಿಯಾಗುವವರೆಗೆ ಒಂದು ಕ್ಷಣ ಇಬ್ಬರ ಕೈಯೂ ಅದರ ಮೇಲಿರುತ್ತದೆ. ಆಮೇಲೆ ಮಣಿಕಟ್ಟು ಒಂಚೂರು ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಪರದೆಯ ಮೇಲೆ ಇದೊಂದೂ ಆಗುವುದಿಲ್ಲ. ಎರಡು ಬೆರಳ ತುದಿಯಲ್ಲಿ ಹಿಡಿದು ಕೊಟ್ಟದ್ದನ್ನು ಆ ಹಿರಿಯ ಎರಡು ಬೆರಳ ತುದಿಯಲ್ಲೇ ತೆಗೆದುಕೊಂಡು, ಅದೇ ಕೈಯಲ್ಲಿ ಹೆಣ ಬಿದ್ದ ಜಾಗ ತೋರಿಸುತ್ತಾನೆ. ಕಪ್ ಅಡ್ಡ ಮಲಗುವಷ್ಟು ವಾಲುತ್ತದೆ. ಒಂದು ಹನಿ ಬೀಳುವುದಿಲ್ಲ.

ಇನ್ನು ಗಂಟಲು. ಏನನ್ನಾದರೂ ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಅದು ನಮ್ಮ ಕೈಯಲ್ಲಿಲ್ಲ, ದೇಹವೇ ಮಾಡಿಕೊಂಡಿರುವ ಏರ್ಪಾಡು. ಉಸಿರು ನಿಂತರೆ ಮಾತೂ ನಿಲ್ಲಬೇಕು. ಇವರು ಕಪ್ಪನ್ನು ತುಟಿಗೆ ಮುಟ್ಟಿಸಿ ಕೆಳಗಿಳಿಸುವ ಮೊದಲೇ ಮುಂದಿನ ಡೈಲಾಗ್ ಶುರು ಮಾಡಿರುತ್ತಾರೆ. ಗಂಟಲಮಣಿ ಅಲುಗಿರುವುದಿಲ್ಲ. ತೂಕದ ಸುಳ್ಳನ್ನಾದರೂ ಸಹಿಸಿಕೊಂಡೇನು, ಇದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಕಪ್ ಹಿಡಿದು ನಡೆಯುವ ದೃಶ್ಯಗಳಂತೂ ಕೇಳಲೇಬೇಡ. ಕಾರಿಡಾರಿನಲ್ಲಿ ಇಬ್ಬರು ಜೋರಾಗಿ ಹೆಜ್ಜೆ ಹಾಕುತ್ತಾ, ವಾದ ಮಾಡುತ್ತಾ, ಮೂಲೆಯಲ್ಲಿ ತಿರುಗುತ್ತಾ ಹೋಗುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಗಾದೆಗೆ ಸರಿ, ಕಾಫಿಯ ಕಪ್ ತುಳುಕುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯಲ್ಲಿ ಹಾನ್ಸ್ ಮೇಯರ್ ಮತ್ತು ರೌಸ್ಲಾನ್ ಕ್ರೆಚೆಟ್ನಿಕೋವ್ ಇದನ್ನೇ ಅಧ್ಯಯನ ಮಾಡಿ, ಜನರ ಕೈಗೆ ಕಪ್ ಕೊಟ್ಟು ನಡೆಸಿ ಅಳೆದು, 2012ರಲ್ಲಿ ಪ್ರಕಟಿಸಿದರು. ಸಾಮಾನ್ಯ ಗಾತ್ರದ ಕಪ್ಪಿನಲ್ಲಿ ದ್ರವ ಅತ್ತಿತ್ತ ಹೊಯ್ದಾಡುವ ಲಯವೂ ಮನುಷ್ಯನ ನಡಿಗೆಯ ಲಯವೂ ಒಂದಕ್ಕೊಂದು ಕೂಡಿಕೊಳ್ಳುವಂತಿವೆ. ಹಾಗಾಗಿ ಪ್ರತಿ ಹೆಜ್ಜೆಯೂ ಅಲೆಯನ್ನು ಇನ್ನಷ್ಟು ಎಬ್ಬಿಸುತ್ತದೆ. ಸಾಮಾನ್ಯವಾಗಿ 7ರಿಂದ 10ನೇ ಹೆಜ್ಜೆಯೊಳಗೆ ಚೆಲ್ಲುತ್ತದಂತೆ. ಕಪ್ಪಿನ ಮೇಲೆ ಗಮನವಿಟ್ಟು ನಡೆದವರು ಕಡಿಮೆ ಚೆಲ್ಲಿದರು. ಆ ಕೆಲಸಕ್ಕೆ ಅದೇ ವರ್ಷ ಇಗ್ ನೊಬೆಲ್ ಸಿಕ್ಕಿತು (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು), ಜನ ನಕ್ಕರು. ನನಗೆ ಮಾತ್ರ ಅದು ದೊಡ್ಡ ಕೆಲಸ ಅನ್ನಿಸುತ್ತದೆ. ದಿನವೂ ಕೋಟ್ಯಂತರ ಜನ ಮಾಡುವ ಕೆಲಸವನ್ನು ಯಾರೋ ಇಬ್ಬರು ಕೊನೆಗೂ ಕೂತು ನೋಡಿದರಲ್ಲ!

ಕಪ್ ಖಾಲಿ ಇಡುವುದಕ್ಕೆ ಕಾರಣಗಳಿವೆ, ಅದು ನನಗೂ ಗೊತ್ತು. ಒಂದೇ ದೃಶ್ಯವನ್ನು ದೂರದಿಂದ, ಭುಜದ ಮೇಲಿಂದ, ಕ್ಲೋಸಪ್ಪಿನಲ್ಲಿ ಮತ್ತೆ ಮತ್ತೆ ತೆಗೆಯುತ್ತಾರೆ. ಬಿಳಿ ಅಂಗಿಯ ಮೇಲೆ ಒಮ್ಮೆ ಚೆಲ್ಲಿತೋ, ಕಾಸ್ಟ್ಯೂಮ್ ಬದಲಾಯಿಸಿ ಬರುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ದೂರದ ಶಾಟಿನಲ್ಲಿ ಯಾವ ಮಾತಿಗೆ ಮುಂಚೆ ಗುಟುಕರಿಸಿದ್ದರೋ ಕ್ಲೋಸಪ್ಪಿನಲ್ಲೂ ಅದೇ ಮಾತಿಗೆ ಮುಂಚೆ ಗುಟುಕರಿಸಬೇಕು, ಕಪ್ಪಿನೊಳಗೆ ಕಾಫಿ ಅಷ್ಟೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಕಂಟಿನ್ಯುಟಿ ಕೆಟ್ಟಿತು. ಟೇಕಿಗೊಂದು ಗುಟುಕು ನಿಜವಾಗಿ ಕುಡಿಯುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ನಟನ ಕೈ ನಡುಗುತ್ತಿರುತ್ತದೆ. ಎಲ್ಲ ಒಪ್ಪಿದೆ. ಆದರೆ ಮುಚ್ಚಳವಿರುವ ಕಪ್ಪಿಗೆ ನೀರು ತುಂಬಬಹುದಲ್ಲವಾ? ಚೆಲ್ಲಿದರೂ ಕಲೆಯಾಗುವುದಿಲ್ಲ. ಅದೂ ಬೇಡವೆಂದರೆ ತಳದಲ್ಲಿ ಒಂದಿಷ್ಟು ಮರಳು ತುಂಬಿ ಅಂಟಿಸಲಿ, ಕೈಗೆ ತೂಕವಾದರೂ ಸಿಗುತ್ತದೆ. ಮೇಜಿನ ಮೇಲೆ ಕಪ್ ಇಡುವ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಫೋಲಿ ಕಲಾವಿದರು ಮಾಡಿ ಸೇರಿಸುವುದುಂಟು. ಅವರು ಮುತುವರ್ಜಿಯಿಂದ ತುಂಬಿದ ಕಪ್ಪಿನ ಸದ್ದನ್ನೇ ಹಾಕುತ್ತಾರೆ. ಹೀಗಾಗಿ ಕಿವಿಗೆ ಕಪ್ ತುಂಬಿದೆ, ಕಣ್ಣಿಗೆ ಖಾಲಿ ಇದೆ. ಇಂಥ ಕಡೆ ನಾನು ಪಾಜ್ ಒತ್ತಿ ಹಿಂದಕ್ಕೆ ಹೋಗುತ್ತೇನೆ, ನೀನು ಬೈಯುತ್ತೀಯ.

ಬಿಸಿಯ ಕತೆ ಬೇರೆ. ಆಗಷ್ಟೇ ಬಗ್ಗಿಸಿದ ಕಾಫಿಯನ್ನು ಪರದೆಯ ಮೇಲೆ ಯಾರೂ ಊದುವುದಿಲ್ಲ, ತುಟಿ ಮುಂದೆ ಮಾಡಿ ಗಾಳಿ ಸೇರಿಸಿ ಸುರ್ ಅಂತ ಎಳೆದುಕೊಳ್ಳುವುದಿಲ್ಲ, ನೀರು ಕುಡಿದ ಹಾಗೆ ಕುಡಿದುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯ ಕುಡಿಯುವುದನ್ನು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದಾದ ಸಂಗತಿಗಳ ಪಟ್ಟಿಗೆ ಸೇರಿಸಿತು. ಕಾಫಿ ಇಳಿಸುವ ನೀರಿನ ಬಿಸಿ 90 ಡಿಗ್ರಿ ದಾಟಿರುತ್ತದೆ. ಅಷ್ಟರಿಂದ ಕುಡಿಯುವ ಹದಕ್ಕೆ ಬರಲು ಹೊತ್ತು ಬೇಕು, ಕಾಯಬೇಕು. ಸಿನಿಮಾದಲ್ಲಿ ಕಾಫಿಯ ಬಿಸಿ ನೆನಪಾಗುವುದು ಯಾರನ್ನಾದರೂ ಸುಡಬೇಕಾದಾಗ ಮಾತ್ರ. ಫ್ರಿಟ್ಜ್ ಲ್ಯಾಂಗ್‌ನ 1953ರ 'ದಿ ಬಿಗ್ ಹೀಟ್'ನಲ್ಲಿ ಲೀ ಮಾರ್ವಿನ್ ಪಾತ್ರ ಗ್ಲೋರಿಯಾ ಗ್ರಹಾಂ ಮುಖಕ್ಕೆ ಕುದಿಯುವ ಕಾಫಿ ಎರಚುತ್ತದಲ್ಲ, ಅದನ್ನು ನೋಡಿದವರು ಮರೆಯುವುದಿಲ್ಲ. ಎರಚಲು ಇಟ್ಟ ಕಾಫಿ ಅಷ್ಟು ಬಿಸಿ, ಕುಡಿಯಲು ಕೊಟ್ಟದ್ದು ತಣ್ಣೀರು.

ಒಂದು ಗುಟುಕಿಗೇ ಕಣ್ಣು ಫಳ್ಳೆಂದು ತೆರೆಯುವುದು, ಕುಡುಕನಿಗೆ ಕಾಫಿ ಕುಡಿಸಿದೊಡನೆ ಅಮಲು ಇಳಿಯುವುದು, ಇವೂ ಇವೆ. ಕೆಫೀನ್ ರಕ್ತದಲ್ಲಿ ಪೂರ್ತಿ ಏರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಮದ್ಯವನ್ನು ಇಳಿಸುವುದು ಯಕೃತ್ತಿನ ಕೆಲಸ, ಕಾಫಿಯದ್ದಲ್ಲ. ಇದನ್ನು ಎಲ್ಲರೂ ಬರೆದಿದ್ದಾರೆ, ಬಿಡು.

ನನ್ನನ್ನು ನಿಜವಾಗಿ ಕಾಡುವುದು ಅವರು ಬಿಟ್ಟುಹೋಗುವ ಕಪ್. ಇಬ್ಬರು ಎದುರುಬದುರು ಕೂರುತ್ತಾರೆ, ಕಾಫಿ ಬರುತ್ತದೆ, ಒಂದು ಗುಟುಕು, ಫೋನ್ ಹೊಡೆದುಕೊಳ್ಳುತ್ತದೆ ಅಥವಾ ಜಗಳವಾಗುತ್ತದೆ, ಒಬ್ಬರು ಎದ್ದು ಹೋಗುತ್ತಾರೆ. ತಳ ಕಾಣುವವರೆಗೆ ಕುಡಿದ ಕಾಫಿ ಎಷ್ಟು ದೃಶ್ಯಗಳಲ್ಲಿದೆ, ನೆನಪಿಸಿಕೊ ನೋಡೋಣ. 2019ರಲ್ಲಿ ರಾಜರು, ಡ್ರ್ಯಾಗನ್‌ಗಳ ಹಳೆಗಾಲದ ಕತೆಯ ಸರಣಿ 'ಗೇಮ್ ಆಫ್ ಥ್ರೋನ್ಸ್'ನ ಕೊನೆಯ ಸೀಸನ್ನಿನ ಔತಣದ ದೃಶ್ಯದಲ್ಲಿ ಕಾಗದದ ಕಪ್ಪೊಂದು ಮೇಜಿನ ಮೇಲೆ ಉಳಿದುಹೋಗಿತ್ತಲ್ಲ? ಊರೆಲ್ಲ ನಕ್ಕಿತು, ಕೆಲವೇ ದಿನಗಳಲ್ಲಿ ಅದನ್ನು ಅಳಿಸಿಯೂ ಬಿಟ್ಟರು. ನನಗೆ ಅಳಿಸಬಾರದಿತ್ತು ಅನ್ನಿಸಿತು. ಶೂಟಿಂಗಿನ ನಡುವೆ ಯಾರೋ ನಿಜವಾಗಿ ಕುಡಿಯಲು ತಂದಿಟ್ಟುಕೊಂಡದ್ದು ಅದು.

ಕಪ್ಪಿನೊಳಗೆ ಇಣುಕಿದವರೂ ಇದ್ದಾರೆ. ಫ್ರೆಂಚ್ ನಿರ್ದೇಶಕ ಗೊದಾರ್ 1967ರ 'ಟೂ ಆರ್ ಥ್ರೀ ಥಿಂಗ್ಸ್ ಐ ನೋ ಅಬೌಟ್ ಹರ್'ನಲ್ಲಿ ಕ್ಯಾಮೆರಾವನ್ನು ಕಪ್ಪಿನ ನೇರ ಮೇಲೆ ತಂದು ನಿಲ್ಲಿಸಿದ. ಪರದೆಯ ತುಂಬ ಕಾಫಿ, ತಿರುಗುವ ನೊರೆ, ಒಂದಕ್ಕೊಂದು ಅಂಟಿಕೊಂಡು ಒಡೆಯುವ ಗುಳ್ಳೆಗಳು, ಜೊತೆಗೆ ಅವನ ಪಿಸುದನಿ. ಪೋಲೆಂಡಿನ ನಿರ್ದೇಶಕ ಕಿಶ್ಲೊವ್ಸ್ಕಿಯ 1993ರ 'ಬ್ಲೂ' ನಾವಿಬ್ಬರೂ ಸೇರಿ ನೋಡಿದ್ದು. ಜೂಲಿಯೆಟ್ ಬಿನೋಷ್ ಸಕ್ಕರೆಯ ಗಡ್ಡೆಯೊಂದರ ತುದಿಯನ್ನು ಕಾಫಿಗೆ ತಾಗಿಸಿ ಹಿಡಿಯುತ್ತಾಳೆ, ಕಂದು ಬಣ್ಣ ಬಿಳಿಯೊಳಗೆ ಮೇಲಕ್ಕೆ ಹತ್ತುತ್ತದೆ, ಪೂರ್ತಿ ನೆನೆದ ಮೇಲೆ ಕೈ ಬಿಡುತ್ತಾಳೆ. ಆ ಗಡ್ಡೆ ಸುಮಾರು 5 ಸೆಕೆಂಡಿನಲ್ಲಿ ನೆನೆಯಬೇಕು, ಅದಕ್ಕಿಂತ ಹೆಚ್ಚಾದರೆ ಪ್ರೇಕ್ಷಕ ತಾಳಲಾರ ಎಂದು ನಿರ್ದೇಶಕ ಲೆಕ್ಕ ಹಾಕಿದ್ದ. ಅಂಥ ಸಕ್ಕರೆ ಹುಡುಕಲು ಸಹಾಯಕ ಅರ್ಧ ದಿನ ಬೇರೆ ಬೇರೆ ಗಡ್ಡೆಗಳನ್ನು ಅದ್ದಿ ನೋಡಿದನಂತೆ. ಎದುರಿಗೆ ಅವಳನ್ನು ಪ್ರೀತಿಸುವ ಮನುಷ್ಯ ಕೂತಿದ್ದಾನೆ, ಅವಳಿಗೆ ಜಗತ್ತಿನಲ್ಲಿ ಆ ಸಕ್ಕರೆಯೊಂದು ಬಿಟ್ಟು ಇನ್ನೇನೂ ಬೇಕಿಲ್ಲ. ಗಂಡ, ಮಗು ಇಬ್ಬರನ್ನೂ ಕಳೆದುಕೊಂಡವಳು ಅವಳು. ಅದೆಲ್ಲ ಆ ಬೆರಳುಗಳಲ್ಲಿ ಕಂಡಿತು ಎಂದು ನೀನು ಹೇಳಿದ್ದೆ. ನಾನು ಕೈ ನೋಡಲು ಕಲಿತದ್ದು ಅವತ್ತು, ನಿನ್ನಿಂದ.

ಅದಕ್ಕೇ ಈಗ ಬರೆಯುವುದನ್ನು ನೀನು ಕೇಳಿಸಿಕೊಳ್ಳಲೇಬೇಕು.

ಕಳೆದ ಸಲ ವಿಡಿಯೋ ಕಾಲ್‌ನಲ್ಲಿ ನೀನೂ ಕಪ್ ಹಿಡಿದು ಕೂತಿದ್ದೆ. "ಹೇಗಿದ್ದೀಯೋ?" ಎಂದು ಕೇಳಿದೆ. ನೀನು ಕಪ್ ಎತ್ತಿದೆ. ಮೂಗಿನವರೆಗೆ ಮುಖ ಮುಚ್ಚಿತು. ಕೆಳಗಿಳಿಸುವ ಮೊದಲೇ "ಚೆನ್ನಾಗಿದ್ದೀನಪ್ಪ, ನನಗೇನು" ಅಂದೆ. ಉಸಿರು ಎಲ್ಲೂ ನಿಲ್ಲಲಿಲ್ಲ. ಆಮೇಲೆ ಅದೇ ಕೈ ಬೀಸಿ ಏನೋ ಹೇಳಿದೆ, ಕಪ್ ವಾಲಿತು, ನೀನು ಅದರ ಕಡೆ ನೋಡಲೂ ಇಲ್ಲ.

ಆ ಕಪ್ಪಿನಲ್ಲಿ ಏನೂ ಇರಲಿಲ್ಲ ಕಣೋ.

ಆಗಲೇ ಕೇಳಲಿಲ್ಲ, ಯಾಕೆಂದರೆ ನನ್ನ ಕೈಯಲ್ಲಿದ್ದದ್ದೂ ಖಾಲಿಯೇ. ನೀನು "ನಿನ್ನದೇನು ಸಮಾಚಾರ" ಅನ್ನುವ ಹೊತ್ತಿಗೆ ನಾನೂ ಅದನ್ನು ಬಾಯಿಗೆ ಹಿಡಿದಿದ್ದೆ. ಕೆಲಸ ಬಿಟ್ಟ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಒಂದು ಮಾತೂ ಆಡದ ದಿನಗಳಿವೆ. ನಿನ್ನ ಕರೆ ಬರುವ ಮುಂಚೆ ಒಬ್ಬನೇ ಗಟ್ಟಿಯಾಗಿ ಎರಡು ಮಾತಾಡಿ ನೋಡಿಕೊಳ್ಳುತ್ತೇನೆ, ದನಿ ಒಡೆದ ಹಾಗೆ ಕೇಳಬಾರದಲ್ಲ ಅಂತ. ರಾತ್ರಿ ಸರಣಿಗಳನ್ನು ಹಾಕಿಕೊಳ್ಳುವುದು ಕತೆಗಾಗಿ ಅಲ್ಲ. ಅಲ್ಲಿ ಯಾರೋ ಇಬ್ಬರು ಎದುರುಬದುರು ಕೂತಿರುತ್ತಾರೆ, ನಾನು ಮೂರನೆಯವನಾಗಿ ಅವರ ಜೊತೆ ಕೂತಿರುತ್ತೇನೆ. ಕಾಫಿ ಆರುವವರೆಗಾದರೂ ಇವರು ಏಳುವುದಿಲ್ಲ ಎಂದು ನಂಬಿರುತ್ತೇನೆ. ಅಷ್ಟರಲ್ಲಿ ಕಪ್ ಅಡ್ಡ ವಾಲುತ್ತದೆ, ಆರುವಂಥದ್ದು ಅದರಲ್ಲಿ ಏನೂ ಇಲ್ಲ ಎಂದು ತಿಳಿಯುತ್ತದೆ, ನಾನು ಒಬ್ಬನೇ ಕೂತಿದ್ದೇನೆ ಅನ್ನುವುದೂ ತಿಳಿಯುತ್ತದೆ. ನನ್ನ ಸಿಟ್ಟು ಅಷ್ಟು ಜೋರಾಗಿರುವುದು ಅದಕ್ಕೇ. ನಿನ್ನ ಪ್ರಶ್ನೆಗೆ ಉತ್ತರ ಇದು. ಮೇಲೆ ಬರೆದದ್ದೆಲ್ಲವೂ ನಿಜ, ಆದರೆ ಉತ್ತರ ಇದು.

ಇಷ್ಟು ಬರೆಯಬೇಕೆಂದು ಕೂತಿರಲಿಲ್ಲ. ಇಣುಕುತ್ತಿರುವವರೆಲ್ಲ ಈಗ ಸ್ವಲ್ಪ ಆಚೆ ನೋಡಿ, ನಾವು ಬೇರೆ ಮಾತಾಡುತ್ತೇವೆ.

ಭಾನುವಾರ ಕರೆ ಮಾಡುತ್ತೀಯಲ್ಲ, ಆಗ ಇಬ್ಬರೂ ಕ್ಯಾಮೆರಾ ಮುಂದೆಯೇ ಕಪ್ಪಿಗೆ ಬಗ್ಗಿಸಿಕೊಳ್ಳೋಣ. ನಾಲಿಗೆ ಸುಟ್ಟುಕೊಳ್ಳಬೇಡ, ಊದಿಕೊಂಡು ಕುಡಿ, ಅಲ್ಲಿಯವರೆಗೆ ನಾನು ಮಾತು ನಿಲ್ಲಿಸಿ ಕಾಯುತ್ತೇನೆ. ಮುಗಿಯುವವರೆಗೆ ಯಾರೂ ಎದ್ದು ಹೋಗುವ ಹಾಗಿಲ್ಲ, ಮೇಷ್ಟ್ರ ಗಡಿಯಾರದ ಮೇಲೆ ಆಣೆ. ಕುಡಿದಾದ ಮೇಲೆ ಕಪ್ ಮಗುಚಿ ತೋರಿಸಬೇಕು. ನೀನು ತೋರಿಸಿದರೆ ಛತ್ರಿಯ ಕೇಸನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಅದು ಮೇಲಿನ ಕೋರ್ಟಿಗೆ ಹೋಗುತ್ತದೆ, ಸಾಕ್ಷಿಗೆ ನಿನ್ನ ತಂಗಿ ಆಗಲೇ ಒಪ್ಪಿದ್ದಾಳೆ.

ನಿನ್ನ,
ಕ್ಲಾಪ್‌ಬಾಯ್