ಫ್ಲಾರೆನ್ಸ್‌ಗೆ ಹೊರಟಿರುವ ಪುಟ್ಟಿಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಫ್ಲಾರೆನ್ಸ್‌ನಲ್ಲಿ ಕಲೆಯ ಇತಿಹಾಸ ಓದಲು ಸೀಟು ಸಿಕ್ಕಿದೆ ಅಂತ ಅಕ್ಕ ಹೇಳಿದಳು. ತುಂಬಾ ಖುಷಿಯಾಯಿತು. ಅಲ್ಲಿ ಚಿತ್ರ ಬರೆದವರು ಯಾರು ಅಂತ ಎಲ್ಲರೂ ಕೇಳುತ್ತಾರೆ. ದುಡ್ಡು ಕೊಟ್ಟವರು ಯಾರು, ಯಾರು ನೋಡಲಿ ಅಂತ ಕೊಟ್ಟರು? ನೀನು ಇದನ್ನೂ ಕೇಳು.

ಮೆಡಿಚಿ ಮನೆತನವನ್ನೇ ತಗೋ. ಅದರ ಹಿರಿಯ ಕೋಸಿಮೊ ರಾಜನಲ್ಲ, ಬ್ಯಾಂಕು ನಡೆಸುತ್ತಿದ್ದ ಸಾಹುಕಾರ. ಊರು ಹೆಸರಿಗೆ ಗಣರಾಜ್ಯ. 1433ರಲ್ಲಿ ಎದುರಾಳಿಗಳು ಅವನನ್ನು ಗಡಿಪಾರು ಮಾಡಿಸಿದ್ದರು, ಮರುವರ್ಷವೇ ವಾಪಸ್ ಬಂದ. ಇಂಥವನು ಕಿರೀಟ ಇಟ್ಟುಕೊಂಡರೆ ಜನ ಸುಮ್ನೆ ಇರುತ್ತಾರಾ? ಬಡ್ಡಿ ವ್ಯವಹಾರ ಪಾಪ ಅಂತ ಚರ್ಚು ಬೇರೆ ಹೇಳುತ್ತಿತ್ತು. ಸಾನ್ ಮಾರ್ಕೊ ಮಠವನ್ನು ಹೊಸದಾಗಿ ಕಟ್ಟಿಸಿಕೊಟ್ಟ. ಪಾಪಕ್ಕೆ ಪರಿಹಾರವೂ ಆಯಿತು, ಊರಲ್ಲಿ ಹೆಸರೂ ಆಯಿತು. ಅವನ ಭಕ್ತಿ ಸುಳ್ಳು ಅಂತ ನಾನು ಹೇಳಲಾರೆ.

ಅವರ ಮನೆಯ ಪ್ರಾರ್ಥನಾ ಕೋಣೆಗೆ ಖಂಡಿತ ಹೋಗು. ಚಿಕ್ಕ ಕೋಣೆ. 1459ರಲ್ಲಿ ಬೆನೊಜ್ಜೊ ಗೊಜ್ಜೊಲಿ ಅದರ ಗೋಡೆ ತುಂಬಾ, ಶಿಶು ಯೇಸುವನ್ನು ನೋಡಲು ಹೊರಟ ಮೂವರು ರಾಜರ ಮೆರವಣಿಗೆ ಬರೆಯಲು ಶುರು ಮಾಡಿದ. ಆ ರಾಜರ ಜೊತೆ ಕೋಸಿಮೊ, ಅವನ ಮಗ ಪಿಯೆರೊ ಕೂಡ ಸವಾರಿ ಹೊರಟಿದ್ದಾರೆ! ಮಗನಿಗೆ ಬಿಳಿ ಕುದುರೆ, ಅಪ್ಪನಿಗೆ ಬರೀ ಹೇಸರಗತ್ತೆ. ವಿನಯವನ್ನೂ ಗೋಡೆ ಮೇಲೆ ಬರೆಸಿದ್ದರು, ನೋಡು. ಪರಊರಿನ ದೊಡ್ಡ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದದ್ದೂ ಅಲ್ಲೇ. ಕೆಲಸ ನಡೆಯುವಾಗ ಪಿಯೆರೊಗೆ ಕೆಲವು ದೇವದೂತರು ಹಿಡಿಸಲಿಲ್ಲ. ಮೋಡ ಬರೆದು ಮರೆಮಾಡುತ್ತೇನೆ ಅಂತ ಗೊಜ್ಜೊಲಿ ಕಾಗದ ಬರೆಯಬೇಕಾಯಿತು.

ಕೋಸಿಮೊನ ಮೊಮ್ಮಗ ಲೊರೆಂಜೊ ಲೆಕ್ಕವನ್ನೇ ಬರೆದಿಟ್ಟಿದ್ದಾನೆ. 1434ರಿಂದ 1471ರವರೆಗೆ ಕಟ್ಟಡ, ದಾನ, ತೆರಿಗೆ ಎಲ್ಲ ಸೇರಿ 6,63,755 ಫ್ಲೋರಿನ್, ಅಂದರೆ ಆ ಊರಿನ ಚಿನ್ನದ ನಾಣ್ಯ. ಖರ್ಚಾಗಿದ್ದಕ್ಕೆ ಅವನಿಗೆ ಬೇಸರವಿಲ್ಲ, ಮನೆತನಕ್ಕೆ ಹೆಸರು ಬಂತಲ್ಲ ಅಂತಾನೆ.

ಇಷ್ಟು ತಿಳಿದ ಮೇಲೆ ಇದೆಲ್ಲ ಪ್ರಚಾರ ಅಂತ ಕೈಬಿಡಬೇಡ ಮಗಳೇ. ದುಡ್ಡು ಮೆಡಿಚಿಗಳದ್ದಾದರೂ ಕೈ ಗೊಜ್ಜೊಲಿಯದು. ಅದೇ ಮೆರವಣಿಗೆಯಲ್ಲಿ ಕೆಂಪು ಟೋಪಿಯವನೊಬ್ಬನನ್ನು ಹುಡುಕು. ಟೋಪಿ ಮೇಲೆ ಚಿನ್ನದ ಅಕ್ಷರದಲ್ಲಿ 'ಬೆನೊಜ್ಜೊನ ಕೆಲಸ' ಅಂತಿದೆ. ಮುಖವೂ ಅವನದೇ.

ಆಮೇಲೆ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿ ಶಿಲ್ಪಿ ಡೊನಾಟೆಲ್ಲೊನ ಕಂಚಿನ ಡೇವಿಡ್ ಮೂರ್ತಿ ನೋಡು, ದೈತ್ಯ ಗೋಲಿಯಾತನನ್ನು ಕೊಂದ ಬೈಬಲ್ಲಿನ ಹುಡುಗ. ಆ ಮೂರ್ತಿ ಮೆಡಿಚಿ ಮನೆಯ ಅಂಗಳದಲ್ಲಿತ್ತು. 1494ರಲ್ಲಿ ಅವರನ್ನು ಊರಿಂದ ಓಡಿಸಿದ ಮೇಲೆ ಹೊಸ ಸರ್ಕಾರ ಅದನ್ನು ಒಡೆಯಲಿಲ್ಲ, ತನ್ನ ಅರಮನೆಗೆ ಸಾಗಿಸಿಕೊಂಡಿತು. ಯಾಕಿರಬಹುದು? ಅದರ ಮುಂದೆ ನಿಂತು ಯೋಚಿಸಿ ನನಗೆ ಬರಿ.

ಇಂತಿ,
ನಿನ್ನ ಸೋದರಮಾವ