ಕೂಲರ್ ಮುಟ್ಟಿದ ಜರ್ಮನ್ ಹುಡುಗ ಕೇಳಿದ ಮಾತು

ಸಂಪಾದಕರಿಗೆ ಶರಣ್ರಿ,

ಮೊನ್ನಿ ನಿಮ್ಮ ಪೇಪರ್‌ದಾಗ ಒಳಗಿನ ಪುಟದಾಗ ಒಂದು ಸಣ್ಣ ಸುದ್ದಿ ಇತ್ತು, ಯುರೋಪದಾಗ ನೀರಿನ ಬಾಟಲಿ ಮುಚ್ಚಳಕ್ಕೂ ಕಾನೂನು ಮಾಡ್ಯಾರ ಅಂತ. ನಮ್ಮ ಅಂಗಡಿ ಮುಂದ ಚಾ ಕುಡಿಲಕತ್ತ ಮಂದಿ ಅದನ್ನ ಜೋರಾಗಿ ಓದಿ ಬಿದ್ದು ಬಿದ್ದು ನಕ್ಕರು, ಇವರಿಗಿ ಬ್ಯಾರೆ ಕೆಲ್ಸಾ ಇಲ್ಲೇನು ಅಂತ. ಹೋದ ಬ್ಯಾಸಗ್ಯಾಗ ನಮ್ಮ ಮನ್ಯಾಗ ಒಂದು ಘಟನಾ ಆಗದೇ ಇದ್ರ ನಾನೂ ನಗ್ತಿದ್ದೆ. ನಂದು ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಸಣ್ಣ ಮೋಟಾರ್ ವೈಂಡಿಂಗ್ ಅಂಗಡಿ ಅದ, ಇಪ್ಪತ್ತೆಂಟು ವರ್ಷ ಆಯ್ತು, ಬ್ಯಾಸಗಿ ಬಂತಂದ್ರ ಕೂಲರ್ ಮೋಟಾರ್ ಕೂಲರ್ ಪಂಪ್ ಇವೇ ನನ್ನ ಅನ್ನ.

ನಮ್ಮ ಅಣ್ಣನ ಮಗ ಜರ್ಮನಿದಾಗ ಸ್ಟುಟ್‌ಗಾರ್ಟ್ ಹತ್ತರ ಕೆಲ್ಸಾ ಮಾಡ್ತಾನ. ಮೇ ತಿಂಗಳದಾಗ ಅವನ ತಂಗಿ ಮದಿವಿ ಇತ್ತು, ಜೋಡಿ ಒಬ್ಬ ಜರ್ಮನ್ ಗೆಳೆಯನ್ನ ಕರಕೊಂಡು ಬಂದಿದ್ದ, ಕಾರಿನ ಸಾಮಾನು ಟೆಸ್ಟ್ ಮಾಡಾ ಕಂಪನ್ಯಾಗ ಇರಾ ಹುಡುಗ. ಮೇ ತಿಂಗಳದಾಗ ಗುಲಬರ್ಗಾಕ್ಕ ಯಾರರ ಪಾವಣ್ಯಾರನ್ನ ಕರಕೊಂಡು ಬರ್ತಾರೇನ್ರಿ, ಆದ್ರ ಮದಿವಿ ಮುಹೂರ್ತ ನಮ್ಮ ಕೈಯಾಗ ಇಲ್ಲಲ್ಲ. ಒಂಬತ್ತು ದಿನಾ ನಮ್ಮ ಮನ್ಯಾಗೇ ಇದ್ದ, ಖಡಕ್ ರೊಟ್ಟಿ ಶೇಂಗಾ ಹಿಂಡಿ ಛಲೋ ತಿಂದ, ಬದನಿಕಾಯಿ ಪಲ್ಯಾ ತಿಂದು ಕಣ್ಣಾಗ ನೀರು ತಂದ್ಕೊಂಡ.

ಬಾಟಲಿ ವಿಷಯ ಅವನೇ ತೆಗದಿದ್ದ. 2024 ಜುಲೈದಿಂದ ಅವರ ಕಡಿ ಪ್ಲಾಸ್ಟಿಕ್ ಬಾಟಲಿ ಮುಚ್ಚಳಾ ತಿರುವಿದ್ರ ಕೈಗಿ ಬರಲ್ಲಂತ, ಬಾಟಲಿಗೇ ಜೋತಾಡ್ತಿರ್ತದಂತ, ಯಾಕಂದ್ರ ಸಮುದ್ರದ ದಂಡ್ಯಾಗ ಸಿಗಾ ಕಸದಾಗ ಈ ಮುಚ್ಚಳಾನೂ ಭಾಳ ಇರ್ತಾವ. ಕುಡಿವಾಗ ಮೂಗಿಗಿ ಬಡೀತದ, ನಾವೂ ಬೈಕೋತೇ ಕುಡಿತೀವಿ ಅಂದ. ಇಂಟರ್‌ನೆಟ್‌ದಾಗ ಯಾವ ಪುಟ ತೆಗದ್ರೂ ನಿಮ್ಮ ಮಾಹಿತಿ ತಗೊಳಲಕ್ಕ ಒಪ್ಪಿಗಿ ಅದ ಏನು ಇಲ್ಲ ಏನು ಅಂತ ಕೇಳತಾವಂತ, ಒತ್ತಿ ಒತ್ತಿ ಬೆರಳು ಸವದಾವ ಅಂತ ಅದಕ್ಕೂ ಬೈದ, ಆದ್ರ 2018ರಾಗ ಬಂದ ಮಾಹಿತಿ ರಕ್ಷಣಾ ಕಾಯ್ದೆ ತೆಗದುಬಿಡಲೇನು ಅಂದ್ರ ಬ್ಯಾಡ ಅಂತಾನ. ಚಾರ್ಜರ್ ಕಾನೂನು ಮಾತ್ರ ಮನಸಿನಿಂದ ಹೊಗಳಿದ, 2024 ಡಿಸೆಂಬರ್ 28ರಿಂದ ಅಲ್ಲಿ ಮಾರಾ ಹೊಸ ಫೋನ್‌ಗೆಲ್ಲಾ ಒಂದೇ ನಮೂನಿ ಯುಎಸ್‌ಬಿ-ಸಿ ಚಾರ್ಜಿಂಗ್ ತೂತು ಇರಲೇಬೇಕು. ನಮ್ಮ ಮನ್ಯಾಗ ಅವನ ಚಾರ್ಜರ್ ಎಲ್ಲಾರ ಫೋನ್‌ಗೂ ಹತ್ತಿದ್ದು ನೋಡಿ ನಮ್ಮಾಕಿ ಅದನ್ನ ಮೂರು ದಿನಾ ವಾಪಸ್ಸೇ ಕೊಡಲಿಲ್ಲ.

ಇನ್ನೊಂದು ಮಜಾ ಹೇಳ್ತೀನಿ. ಮದಿವಿ ಊಟ ಆದ ಮ್ಯಾಲ ಈ ಹುಡುಗ ಹಾಲ್ ತುಂಬಾ ತಿರುಗಿ ಖಾಲಿ ಬಾಟಲಿ ಆರಿಸಲಕತ್ತ. ಬೀಗರು ಗಾಬರಿ ಆದ್ರು, ಪಾಪ ಇವನಿಗಿ ರೊಕ್ಕದ ಅಡಚಣಿ ಅದ ಏನು ಅಂತ. ಅವರ ಊರಾಗ ಒಂದೊಂದು ಬಾಟಲಿಗಿ 25 ಸೆಂಟ್ ಠೇವಣಿ ಇರ್ತದಂತ, ಅಂಗಡ್ಯಾಗಿನ ಮಷೀನ್‌ಗೆ ಹಾಕಿದ್ರ ವಾಪಸ್ ಬರ್ತದ, ಅದು ರೂಢಿ ಆಗಿಬಿಟ್ಟದ. ಎರಡು ಚೀಲ ತುಂಬಿಕೊಂಡು ಬಂದ, ಭಂಗಾರ್‌ದವ ಬಂದು ತೂಕಾ ಮಾಡಿ ಮೂವತ್ತು ರೂಪಾಯಿ ಕೊಟ್ಟ, ಆ ಮೂವತ್ತು ರೂಪಾಯಿ ಫೋಟೋ ತೆಗದು ಅವರವ್ವಗ ಕಳಿಸಿದ. ಆದ್ರ ಎಳನೀರಿನವ ಕ್ಯೂಆರ್ ತೋರಿಸಿದಾಗ ಬಾಯಿ ತಕ್ಕೊಂಡು ನಿಂತ, ಅವರ ಕಡಿ ಬ್ರೆಡ್ ಅಂಗಡ್ಯಾಗ ಇನ್ನೂ ಎಷ್ಟೋ ಕಡಿ ನೋಟು ಚಿಲ್ಲರೇ ಬೇಕಂತ.

ಕರೆಂಟ್ ವಿಷಯಕ್ಕ ಬಂದ್ರ ಮಾತು ಲಂಬಾ ಆಯ್ತು. ನೀವು ಯೂನಿಟ್‌ಗೆ ಎಷ್ಟು ಕೊಡ್ತೀರಿ ಅಂದ, ಗೃಹಜ್ಯೋತಿ ಅದ, ನಾವು ಮಾಮೂಲಿ ಸುಡಾದರ ಮ್ಯಾಲ ಹತ್ತು ಪರ್ಸೆಂಟ್ ಹಿಡಿದು 200 ಯೂನಿಟ್ ಒಳಗ ಇದ್ರ ಬಿಲ್ ಸೊನ್ನಿ ಅಂದೆ, ನಂಬಲಿಲ್ಲ. ಅವರಲ್ಲಿ ಒಂದು ಯೂನಿಟ್ ನಮ್ಮ ರೊಕ್ಕದಾಗ ಮೂವತ್ತೈದು ರೂಪಾಯಿ ದಾಟ್ತದ. ಅವನ ಊರಿನ ಹತ್ತರೇ ನೆಕರ್‌ವೆಸ್ಟ್‌ಹೈಮ್ ಅಂತ ಅಣು ಸ್ಥಾವರ ಇತ್ತು, 2023 ಏಪ್ರಿಲ್ 15ಕ್ಕ ಬಂದ್ ಮಾಡಿದ್ರು, ಅದೇ ದಿನಾ ಇನ್ನೆರಡು ಸೇರಿ ದೇಶದಾಗಿನ ಕೊನಿ ಮೂರೂ ಬಂದ್. ರಷ್ಯಾ ಗ್ಯಾಸ್ ನಿಂತು ರೇಟ್ ಏರಿದ್ದ ಹೊತ್ತಿನಾಗ ನಡ್ಯಾ ಸ್ಥಾವರ ಬಂದ್ ಮಾಡಿದ್ದು ಹುಚ್ಚತನ ಅಂತ ಇವನ ಮಾತು, ಜಪಾನಿನ ಫುಕುಶಿಮಾ ಅಣು ಸ್ಥಾವರದ ದುರಂತ ಆದ ಮ್ಯಾಲ 2011ರಾಗೇ ಮಾಡಬೇಕಿತ್ತು ಅಂತ ಅವರಪ್ಪನ ಮಾತು. ಅಪ್ಪ ಮಗ ಊಟಕ್ಕ ಕುಂತಾಗ ಈ ವಿಷಯ ತೆಗಿಬಾರದು ಅಂತ ಅವರವ್ವ ಕಾಯ್ದೆ ಮಾಡ್ಯಾಳಂತ. ನಿಮ್ಮ ಕರೆಂಟ್ ಎಲ್ಲಿಂದು ಅಂದ, ರಾಯಚೂರು ಶಕ್ತಿನಗರದ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಲು, ಎಲ್ಲಾ ಕಲಸಿ ಬರ್ತದಪ್ಪ, ಬಂದಾಗ ಅಂದೆ.

ನಾನು ದಂಗ ಆಗಿದ್ದು ಅವರ ಬಾಲ್ಕನಿ ಸೋಲಾರ್ ಕೇಳಿ. ಎರಡು ಪ್ಯಾನಲ್ ಗ್ಯಾಲರಿ ಕಂಬಿಗಿ ಕಟ್ಟಿ ವೈರ್ ತಂದು ಗ್ವಾಡಿ ಪ್ಲಗ್‌ಗೇ ಹಚ್ಚತಾರಂತ, 800 ವ್ಯಾಟ್ ತನಾ ಬಿಟ್ಟಾರಂತ. ನಾನು ತಲಿ ಹಿಡ್ಕೊಂಡೆ, ಲೈನ್ ಹೋದಾಗ ಪ್ಯಾನಲ್ ಕರೆಂಟ್ ವಾಪಸ್ ಲೈನಿಗಿ ಹರದ್ರ ಕಂಬ ಏರಿದ ಲೈನ್‌ಮನ್ ಗತಿ ಏನೋ ಅಂದೆ. ಲೈನ್ ಹೋದ ಕ್ಷಣಾನೇ ಪ್ಯಾನಲ್ ಕರೆಂಟ್‌ನ ಮನಿ ಕರೆಂಟ್ ಮಾಡಾ ಇನ್ವರ್ಟರ್ ತಾನೇ ಬಂದ್ ಆಗ್ತದ, ಹಂಗ ಆಗದಿದ್ರ ಅದನ್ನ ಮಾರಲಕ್ಕೇ ಬಿಡಲ್ಲ ಅಂದ. ನಮ್ಮಲ್ಲೂ ಪಿಎಂ ಸೂರ್ಯ ಘರ್‌ದಾಗ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಸಿಗ್ತದಂತ ಮಾಳಿಗಿ ಮ್ಯಾಲ ಹಚ್ಚಿಸಿಕೊಂಡ ಮಂದಿ ನನಗ ಬಂದು ಬೈತಾರ, ಕರೆಂಟ್ ಹೋದಾಗ ಸೋಲಾರೂ ಯಾಕ ಹೋಗ್ತದ ಅಂತ. ಲೈನ್‌ಮನ್ ಸಲುವಾಗಿ ಅಂತ ಹೇಳಿದ್ರ ನಂಬಲ್ಲ, ಕಂಪನಿಯವರು ಮೋಸಾ ಮಾಡ್ಯಾರ ಅಂತಾರ.

ಈಗ ಕೂಲರ್ ಮಾತು. ಬಂದ ಮೂರನೇ ದಿನಾ ಮಧ್ಯಾಹ್ನ, 43 ಡಿಗ್ರಿ ಇದ್ದಿತ್ತು, ಹುಡುಗ ಕೂಲರ್ ಮುಂದ ಕುಂತಿದ್ದ, ಗಾಳಿ ಈ ಕಡಿ ತಿರುವಲಕ್ಕ ಹೋಗಿ ತಗಡಿನ ಡಬ್ಬಿ ಮುಟ್ಟಿದ, ಚಟ್ ಅಂತ ಕೈ ಕಿತ್ಕೊಂಡ. ಕಾಲಾಗ ಹವಾಯಿ ಚಪ್ಪಲ್ ಇತ್ತು, ಅದಕ್ಕ ಜುಮ್ ಅಂತ ಬಿಟ್ಟದ. ಬರೇ ಕಾಲಾಗ, ಒರಸಿದ ಹಸಿ ಶಹಾಬಾದ್ ಫರಸಿ ಮ್ಯಾಲ ನಿಂತಿದ್ರ ಈ ಪತ್ರದ ರೀತಿನೇ ಬ್ಯಾರೆ ಇರ್ತಿತ್ತು. ನಮ್ಮ ಅತ್ತಿಗಿ ಒಳಗಿಂದ ನಕ್ಕೋತ ಅಂದ್ರು, ಅದು ಥೋಡೆ ಹೊಡೀತದ ತಮ್ಮಾ, ಚಪ್ಪಲ್ ಹಾಕ್ಕೊಂಡು ಮುಟ್ಟು ಅಂತ. ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು ಅದು ಥೋಡೆ ಹೊಡೀತದ ಅಂತ, ನನಗೂ ಗೊತ್ತಿತ್ತು.

ಅವ ನನ್ನ ಮಾರಿ ನೋಡಿ ಒಂದೇ ಕೇಳಿದ, ಇದನ್ನ ಪಾಸ್ ಮಾಡಿದವರು ಯಾರು? ನಾನು ಉಗುಳು ನುಂಗಿದೆ ನೋಡ್ರಿ. ಡಬ್ಬಿ ಒಂದು ತಗಡಿನ ಅಂಗಡ್ಯಾಗ ಬಡದಿದ್ದು, ಹೆಸರಿಲ್ಲ ಊರಿಲ್ಲ. ಒಳಗಿನ ಪಂಪ್ ಎರಡು ವೈರಿಂದು. ನೀರಾಗ ಮುಳುಗಿ ಮುಳುಗಿ ಅದರ ಇನ್ಸುಲೇಷನ್, ಅಂದ್ರ ಕರೆಂಟ್ ಹೊರಗ ಬರದಂಗ ತಡ್ಯಾ ಹೊದಿಕಿ, ಸತ್ತದ, ಕರೆಂಟ್ ನೀರಿಗಿ ಬಂದು ನೀರಿನಿಂದ ತಗಡಿಗಿ ಬಂದದ. ಡಬ್ಬಿಗಿ ಅರ್ಥ್ ವೈರ್, ಅಂದ್ರ ಸೋರಿದ ಕರೆಂಟ್ ಭೂಮಿಗಿ ಇಳಸಾ ವೈರ್, ಇಲ್ಲ. ಇದ್ರೂ ಏನು ಉಪಯೋಗ, ಗ್ವಾಡ್ಯಾಗಿನ ಸಾಕೆಟ್‌ದ ಮೂರನೇ ತೂತು ಬರೇ ಚಂದಕ್ಕ, ಹಿಂದ ಹಸರು ವೈರ್ ಎಳದೇ ಇಲ್ಲ. ಮನಿ ಕಟ್ಟಿದಾಗ ಇದ್ದಲಿ ಉಪ್ಪು ಹಾಕಿ ಪೈಪ್ ಇಳಿಸಿದ ಅರ್ಥಿಂಗ್ ಗುಂಡಿ ಹಿತ್ತಲದಾಗ ಅದ, ಅದರ ಮ್ಯಾಲ ಕಾಂಕ್ರೀಟ್ ಹಾಕಿ ಈಗ ಸ್ಕೂಟಿ ನಿಲ್ಲಸ್ತೀವಿ. ನಮ್ಮದು ಎರಿ ಭೂಮಿರಿ, ಬ್ಯಾಸಗ್ಯಾಗ ಕೈ ತೂರುವಂಗ ಬಿರಕು ಬಿಡ್ತದ, ಗುಂಡಿಗಿ ನೀರು ಹಾಕದಿದ್ರ ಮಣ್ಣು ಒಣಗಿ ಕರೆಂಟ್ ಇಳಿಯಲ್ಲ. ಅಂದ್ರ ಯಾವ ತಿಂಗಳದಾಗ ಊರೆಲ್ಲಾ ಕೂಲರ್ ಹಚ್ಚತದೋ ಅದೇ ತಿಂಗಳದಾಗ ಅರ್ಥಿಂಗ್ ಸಾಯ್ತದ. ಗುಂಡಿಗಿ ಎರಡು ಕೊಡ ನೀರು ಹಾಕ್ರಿ ಅಂದ್ರ ಕುಡಿಲಕ್ಕೇ ಇಲ್ಲ ಮಾರಾಯ ಅಂತಾರ, ಅದೂ ಖರೇನೇ.

ಅವರಲ್ಲಿ ಮನಿಗಿ ಒಂದು ಸ್ವಿಚ್ ಇರ್ತದ, ನಮ್ಮಲ್ಲಿ ಆರ್‌ಸಿಸಿಬಿ ಅಂತೀವಿ, ಮಂದಿ ಬಾಯಾಗ ಇಎಲ್‌ಸಿಬಿ. ಹೋದ ಕರೆಂಟ್ ಹೋದಷ್ಟೇ ವಾಪಸ್ ಬಂದದ ಏನು ಅಂತ ಅಳೀತಿರ್ತದ, 30 ಮಿಲಿ ಆಂಪ್ಸ್ ಬ್ಯಾರೆ ದಾರಿ ಹಿಡೀತಂದ್ರ ಕಣ್ಣು ಮಿಟಕಸೋದರಾಗ ಬಂದ್. ಅರ್ಥಿಂಗ್ ಛಲೋ ಇರಲಿ ಬಿಡಲಿ, ಮನಿಷನ ಮೈಯಿಂದ ಭೂಮಿಗಿ ಹೊಂಟ್ರೂ ಬೀಳ್ತದ. ಇದು ನಮಗ ಗೊತ್ತಿಲ್ಲದ ವಿದ್ಯಾ ಏನಲ್ಲ, ನಮ್ಮ ಅಂಗಡ್ಯಾಗೇ ಸಿಗ್ತದ, ಎರಡು ಸಾವಿರದ ಆಸುಪಾಸು. ಆದ್ರ ನಾನು ಖರೇ ಹೇಳಬೇಕು. ಈ ಇಪ್ಪತ್ತೆಂಟು ವರ್ಷದಾಗ ನಾನು ಹಚ್ಚಿದ್ದಕ್ಕಿಂತ ಕಿತ್ತಿದ್ದು ಜಾಸ್ತಿ. ಫೋನ್ ಬರ್ತದ, ಅಣ್ಣಾ ಘಡಿ ಘಡಿ ಟ್ರಿಪ್ ಆಗ್ಲಕತ್ತದ, ತೆಗದು ಡೈರೆಕ್ಟ್ ಮಾಡಿಕೊಡ್ರಿ ಅಂತ. ಎಲ್ಲಿ ಸೋರ್ತದ ಅಂತ ಹುಡುಕಲಕ್ಕ ಅರ್ಧ ದಿನಾ ಬೇಕು, ಅದಕ್ಕ ಯಾರೂ ರೊಕ್ಕ ಕೊಡಲ್ಲ, ಡೈರೆಕ್ಟ್ ಮಾಡಲಕ್ಕ ಹತ್ತು ನಿಮಿಷ, ಇನ್ನೂರು ರೂಪಾಯಿ.

ಹುಡುಗ ಇನ್ನೊಂದು ಹೇಳಿದ, ಅದು ನನ್ನ ತಲ್ಯಾಗ ಕುಂತದ. ಅವರ ಸಾಮಾನಿನ ಮ್ಯಾಲ ಸಿಇ ಅಂತ ಮಾರ್ಕ್ ಇರ್ತದಲ್ಲ, ಸರ್ಕಾರದವರು ಬಂದು ಒಂದೊಂದು ನೋಡಿ ಹಾಕ್ತಾರ ಅಂತ ನಾನು ತಿಳದಿದ್ದೆ. ಹಂಗಿಲ್ಲಂತ, ಭಾಳ ಸಾಮಾನಿಗಿ ತಯಾರು ಮಾಡಿದವನೇ ಟೆಸ್ಟ್ ಮಾಡಿ ತಾನೇ ಹಾಕ್ಕೋತಾನ. ಆದ್ರ ಸಾಮಾನಿನ ಮ್ಯಾಲ ಅವನ ಹೆಸರು ವಿಳಾಸ ಇರಬೇಕು, ಹೊರಗಿಂದ ತರಿಸಿದ್ರ ತರಿಸಿದವಂದೂ ಇರಬೇಕು, ನಾಳಿಗಿ ಏನರ ಆದ್ರ ಅವನ ಮನಿ ಬಾಗಲಿಗೇ ಬರ್ತಾರ. ಮುಚ್ಚಳದ ಕಾಯ್ದೆ ಮಾಡಿದ್ದೂ ಹಂಗೇ ನೋಡ್ರಿ, ಕುಡ್ಯಾವನಿಗಿ ದಂಡ ಹಾಕಿಲ್ಲ, ಬಾಟಲಿ ಮಾಡಾವನಿಗಿ ಹೇಳ್ಯಾರ. ನಮ್ಮಲ್ಲಿ ಐಎಸ್‌ಐ ಅದ, ಕಾಯ್ದೆನೂ ಅವ, ಹೊಸ ಮೀಟರ್ ಕೊಡುವಾಗ ಅರ್ಥಿಂಗ್ ಅದ ಅಂತ ಕಾಂಟ್ರಾಕ್ಟರ್ ಬರದುಕೊಡಾ ರಿಪೋರ್ಟೂ ಅದ. ಆ ರಿಪೋರ್ಟ್ ಗುಂಡಿ ತೋಡೋಕಿಂತ ಮೊದಲೇ ತಯಾರಾಗಿದ್ದು ಎಷ್ಟೋ ಸಲಾ ನಾನೇ ನೋಡೀನಿ. ಹೆಸರು ಬ್ಯಾಡ್ರಿ, ಅವರೂ ನಮ್ಮವರೇ.

ಅವ ಹೋದ ಮ್ಯಾಲ ನಮ್ಮ ಮನಿಗಿ ಆರ್‌ಸಿಸಿಬಿ ಹಚ್ಚಿದೆ. ಮೊದಲನೇ ರಾತ್ರಿ ಎರಡಕ್ಕ ಬಿತ್ತು, ಮತ್ತ ಮೂರಕ್ಕ ಬಿತ್ತು, ಸೆಕಿ ತಾಳದೇ ನಮ್ಮಾಕಿ ಜರ್ಮನಿಗೇ ಹೋಗಿ ಇರು ನೀನು ಅಂದಳು. ಕಿತ್ತು ಒಗಿಬೇಕು ಅಂತ ಸ್ಕ್ರೂ ಡ್ರೈವರ್ ಕೈಯಾಗ ಹಿಡದಿದ್ದೆ, ಖರೇ. ಮುಂಜಾನಿ ಒಂದೊಂದೇ ಲೈನ್ ಬಿಚ್ಚಿ ನೋಡಿದ್ರ ಕೂಲರ್ ಅಲ್ಲ, ಅದನ್ನ ಆಗಲೇ ರಿಪೇರಿ ಮಾಡಿದ್ದೆ, ಬಚ್ಚಲ ಮನಿ ಗೀಜರ್ ಸೋರಲಕತ್ತಿತ್ತು. ಮೊಮ್ಮಗಳು ಅದರ ಕೆಳಗ ದಿನಾ ಝಳಕಾ ಮಾಡ್ತಾಳ.

ಅದಕ್ಕ ನಿಮ್ಮಲ್ಲಿ ಒಂದು ವಿನಂತಿ. ಬರಾ ಫೆಬ್ರವರಿ ಕೊನಿಗಿ, ಮಂದಿ ಕೂಲರ್ ಕೆಳಗ ಇಳಿಸಿ ಹುಲ್ಲು ಬದಲ ಮಾಡಾ ಹೊತ್ತಿಗಿ, ಕಲಬುರಗಿ ಬೀದರ ಯಾದಗಿರಿ ಪುಟದಾಗ ದೊಡ್ಡ ಅಕ್ಷರದಾಗ ಹಾಕ್ರಿ: ನೀರು ತುಂಬುವಾಗ ಪ್ಲಗ್ ಕಿತ್ತಿಡ್ರಿ, ಎರಡು ಪಿನ್ನಿನ ಕೂಲರ್‌ಗೆ ಮೂರನೇ ವೈರ್ ಹಾಕಸ್ರಿ, ಅರ್ಥಿಂಗ್ ಗುಂಡಿಗಿ ವಾರಕ್ಕ ಒಂದು ಸಲಾ ಬಟ್ಟಿ ಒಗದ ನೀರರ ಹಾಕ್ರಿ, ಟ್ರಿಪ್ ಆಗಾ ಸ್ವಿಚ್ ಕಿತ್ತಸಬ್ಯಾಡ್ರಿ. ನಮ್ಮ ಅಂಗಡಿಗಿ ಟ್ರಿಪ್ ಆಗ್ತದ ಅಂತ ಫೋನ್ ಮಾಡಿದವರ ಮನಿಗಿ ಹೋಗಿ ಎಲ್ಲಿ ಸೋರ್ತದ ಅಂತ ಹುಡುಕಿಕೊಡ್ತೀನಿ, ಈ ವರ್ಷ ಹುಡುಕಿದ್ದಕ್ಕ ರೊಕ್ಕ ತಗೊಳಲ್ಲ. ಡೈರೆಕ್ಟ್ ಮಾಡಿಕೊಡ್ರಿ ಅಂತ ಮಾತ್ರ ಕೇಳಬ್ಯಾಡ್ರಿ.

— ಮೋಟಾರ್ ವೈಂಡಿಂಗ್ ಅಂಗಡಿಯವ, ಕಲಬುರಗಿ