ಮೂರು ದಿನ ಬಂದು ನೋಡಿದವರಿಗೆ

ಭಾನುವಾರ ಸಂಜೆ ನನ್ನ ಮೊದಲ ಚಿತ್ರಪ್ರದರ್ಶನ ಮುಗಿಯಿತು. ತುಮಕೂರಿನ ಸಣ್ಣ ಸಭಾಂಗಣ, ಗೋಡೆಯ ಮೇಲೆ 31 ಚಿತ್ರ. ಮೊದಲೆರಡು ದಿನ ಬಂದವರಿಗೆ ನಾನು ಸಿಗಲಿಲ್ಲ, ಪರದೆಯ ಹಿಂದೆ ಕುಳಿತಿದ್ದೆ. ಕ್ಷಮಿಸಿ.

ಏಳನೆಯ ತರಗತಿಯಲ್ಲಿ ನಾನು ಬಿಡಿಸಿದ ಕೈಯೊಂದನ್ನು ಎಲ್ಲರಿಗೂ ಎತ್ತಿ ತೋರಿಸಿ ನಗಿಸಿದ್ದರು. ಅಂದಿನಿಂದ ನನ್ನ ಚಿತ್ರದ ಮನುಷ್ಯರು ಕೈಯನ್ನು ಬೆನ್ನ ಹಿಂದೆಯೋ ಸೆರಗಿನೊಳಗೋ ಬಚ್ಚಿಟ್ಟುಕೊಂಡರು. ನಾನು 14 ವರ್ಷ ಅಟ್ಟದ ಕೋಣೆ ಸೇರಿದೆ. ಬಣ್ಣ ತೀರುವ ಮೊದಲೇ ಅಮ್ಮ ತಂದಿಡುತ್ತಿದ್ದಳು, ಏನು ಬರೆದೆ ಎಂದು ಒಮ್ಮೆಯೂ ಕೇಳದೆ. ಅಮ್ಮಾ, ನೀನು ಕೇಳದೇ ಇದ್ದದ್ದಕ್ಕೆ ನಾನು ಋಣಿ.

ಎರಡು ವರ್ಷದ ಹಿಂದೆ ಅವಳೇ ಗೂಳೂರಿಗೆ ಕರೆದೊಯ್ದಳು. ನಾಡೆಲ್ಲ ಚೌತಿಗೆ ಗಣಪನನ್ನು ಪೂಜಿಸಿದರೆ ಅಲ್ಲಿ ಆ ದಿನ ಮಣ್ಣಿನ ಮೂರ್ತಿ ಮಾಡಲು ತೊಡಗುತ್ತಾರೆ, ಪೂಜೆ ಬಲಿಪಾಡ್ಯಮಿಗೆ. ತಡವಾಗಿ ಕಣ್ಣು ತೆರೆಯುವ ಆ ಗಣಪನ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ಮಣ್ಣು ಮೆತ್ತುವವರನ್ನು ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದೆ. ಒಬ್ಬರು ಇಣುಕಿ, “ಇವರ ಕೈ ಎಲ್ಲಿ?” ಎಂದರು. ಪುಸ್ತಕ ಮುಚ್ಚಿದೆ. ಅವರು ಮತ್ತೇನೂ ಕೇಳದೆ ಜಗಲಿಯ ಮೇಲೆ ತಮ್ಮ ಕೈ ಚಾಚಿ, “ಇದನ್ನು ಬರೆಯಿರಿ” ಎಂದು ಸುಮ್ಮನೆ ಕುಳಿತರು. ಮೋಟಾರ್ ವೈಂಡಿಂಗ್ ಮಾಡುವ ಕೈ. ತಾಮ್ರದ ತಂತಿ ಕೊಯ್ದ ಗೆರೆಗಳು, ಉಗುರಂಚಿನಲ್ಲಿ ವಾರ್ನಿಷ್. ಒಂಬತ್ತು ಸಲ ಅಳಿಸಿದೆ. ಕೈ ಕದಲಲಿಲ್ಲ.

ಆಮೇಲೆ ಅವರೂ ನಾನೂ ಪಕ್ಕದ ಕೈದಾಳಕ್ಕೆ ಹೋಗತೊಡಗಿದೆವು, ಜಕಣಾಚಾರಿಗೆ ಕಳೆದ ಕೈ ಮರಳಿ ಬಂತೆಂದು ಐತಿಹ್ಯವಿರುವ ಊರಿಗೆ. 12ನೆಯ ಶತಮಾನದ ಚೆನ್ನಕೇಶವನ ಗುಡಿಯ ನೆರಳಿನಲ್ಲಿ ಹೂ ಕಟ್ಟುವ ಕೈ, ಹುಣಸೆ ಬೀಜ ಬಿಡಿಸುವ ಕೈ ಬರೆದೆ. ಒಂದು ದಿನ ಮತ್ತೆ ಅವರದೇ, ಆ ತಂತಿ ಕೊಯ್ದ ಕೈ ಬರೆಯುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟು ಆ ಕೈಯನ್ನೇ ಹಿಡಿದುಕೊಂಡೆ. ಎಲ್ಲಿತ್ತೋ ಅಷ್ಟು ಧೈರ್ಯ! ಈಗ ಎರಡೂ ಮನೆಯವರು ಒಪ್ಪಿದ್ದಾರೆ.

ಚೌಕಟ್ಟುಗಳನ್ನೆಲ್ಲ ಸಾಲ ಕೊಟ್ಟ ಫ್ರೇಮ್ ಅಂಗಡಿಯ ಯಜಮಾನರಿಗೆ, ಬಿಸಿಲಲ್ಲಿ ಗಂಟೆಗಟ್ಟಲೆ ಕೈ ಚಾಚಿ ಕುಳಿತ ಪ್ರತಿಯೊಬ್ಬರಿಗೂ ನಮಸ್ಕಾರ.

ಹೂ ಕಟ್ಟುವ ಅಜ್ಜಿ ಕೊನೆಯ ದಿನ ಬಸ್ಸಿನಲ್ಲಿ ಬಂದಿದ್ದರು. ಚಿತ್ರದ ಪಕ್ಕದಲ್ಲಿ ತಮ್ಮ ಕೈ ಹಿಡಿದು, “ನೋಡಿ, ಇದು ನನ್ನದೇ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. “ಬರೆದವರು ಯಾರಜ್ಜಿ?” ಎಂದು ಯಾರೋ ಕೇಳಿದ್ದು ಕೇಳಿಸಿತು. ಪರದೆ ಸರಿಸಿ ಹೊರಗೆ ಬಂದೆ. “ನಾನು” ಎಂದೆ.